ಮೇಣದೊಳಗಿನ ಕಸ

ವರ್ಷಕ್ಕೊಮ್ಮೆ ತುಮಕೂರಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬರಬೇಕೆಂದು ಡಾಕ್ಟ್ರಮ್ಮನ ಕಟ್ಟಪ್ಪಣೆ. ಮೊನ್ನೆ ಹೋಗಿದ್ದೆ. ಸಾಲಿನಲ್ಲಿ ಕೂತಿದ್ದಾಗ ಯಾರೋ ಲ್ಯಾಬಿನ ಬಾಗಿಲು ತೆರೆದರು, ಒಳಗಿಂದ ಬಿಸಿ ಮೇಣದ ವಾಸನೆ ಬಂತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ನಗು ಬಂತು. ಅಂಥ ಜಾಗದಲ್ಲಿ ಒಬ್ಬಳೇ ಕೂತು ನಗುವ ಮುದುಕಿಯನ್ನು ನೋಡಿ ಅವಳು ಒಂದು ಕುರ್ಚಿ ಆಚೆ ಸರಿದು ಕೂತಳು. ಅವಳ ತಪ್ಪಲ್ಲ. ಆ ವರ್ಷದ ಆಷಾಢ, ಶ್ರಾವಣ ನಮ್ಮ ಅಂಗಡಿಯಲ್ಲಿ ಹೇಗೆ ಕಳೆಯಿತು ಅಂತ ಅವಳಿಗೇನು ಗೊತ್ತು?

ನಮ್ಮದು ಗುಬ್ಬಿ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಿಷನ್ನಿನ ಮುಂದೆ ಕೂತವಳು ನಾನು. ಈಗ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ, ನಾನಿನ್ನೂ ಎದ್ದಿಲ್ಲ. ಊರಿನ ಅರ್ಧ ಹೆಂಗಸರ ಎದೆಯ ಅಳತೆ ನನ್ನ ತಲೆಯಲ್ಲಿದೆ. ಯಾರಿಗೆ ಎಡ ದೊಡ್ಡದು, ಯಾರಿಗೆ ಬಲ ದೊಡ್ಡದು, ಯಾರು ಒಳಗೆ ಸ್ಪಂಜು ಇಡಿಸುತ್ತಾರೆ, ಎಲ್ಲ ಗೊತ್ತು. ಬಾಯಿ ಬಿಟ್ಟರೆ ಊರಲ್ಲಿ ಇರಗೊಡುವುದಿಲ್ಲ ಅಂತ ಸುಮ್ಮನಿದ್ದೇನೆ.

ಕತ್ತರಿಸುವುದು, ಮಿಷನ್ ತುಳಿಯುವುದು ನನ್ನ ಕೆಲಸ. ಕೈಹೊಲಿಗೆಯೆಲ್ಲ ಶಮೀಮಳದು. ಬ್ಲೌಸಿನ ಒಂದು ಪಟ್ಟಿಗೆ ಹುಕ್ಕು ಹಾಕುವುದು, ಇನ್ನೊಂದು ಪಟ್ಟಿಗೆ ಹುಕ್ಕು ಸಿಕ್ಕಿಕೊಳ್ಳುವ ದಾರದ ಕುಣಿಕೆ, ಅಂದರೆ ಕಾಜ ಕಟ್ಟುವುದು. ಅವಳ ಅಪ್ಪ ಕುಣಿಗಲ್ಲಿನಲ್ಲಿ ಕುದುರೆಗೆ ಜೀನು ಹೊಲಿಯುತ್ತಿದ್ದವರು. ಜೀನಿನ ದಾರಕ್ಕೆ ಮೇಣ ಎಳೆಯದಿದ್ದರೆ ಕುದುರೆಯ ಬೆವರಿಗೆ ದಾರ ಕೊಳೆಯುತ್ತದಂತೆ. ಆ ವಿದ್ಯೆಯನ್ನು ಮಗಳು ಬ್ಲೌಸಿಗೆ ತಂದಳು. ಸೂಜಿಗೆ ಪೋಣಿಸುವ ಮುಂಚೆ ದಾರವನ್ನು ಮೇಣದ ಉಂಡೆಯ ಮೇಲೆ ಸರ್‍ರನೆ ಒಂದು ಸಲ ಎಳೆಯುತ್ತಾಳೆ. ಗುಬ್ಬಿಯ ಹೆಂಗಸರು ಕುದುರೆಯಷ್ಟು ಬೆವರುವುದಿಲ್ಲ ಕಣೇ ಅಂತ ಎಷ್ಟು ಹೇಳಿದರೂ ಕೇಳುವವಳಲ್ಲ. ಅದರಿಂದ ಒಂದು ಲಾಭವಂತೂ ಆಗಿದೆ. ನಮ್ಮ ಅಂಗಡಿಯ ಬ್ಲೌಸಿನಲ್ಲಿ ಬಟ್ಟೆ ಹರಿದು ಹೋಗುತ್ತದೆ, ಹುಕ್ಕು ಕಳಚುವುದಿಲ್ಲ.

ಆ ವರ್ಷ ಮದುವೆ ಸೀಸನ್ ಮುಗಿಯುವ ಹೊತ್ತಿಗೆ ನನ್ನದೇ ಬ್ಲೌಸು ಎಡಗಡೆ ಒತ್ತತೊಡಗಿತು. ಹೆಮ್ಮಿಂಗು ಬಿಗಿ ಎಳೆದಿದ್ದೀಯ ಅಂತ ಶಮೀಮಳನ್ನು ಬೈದೆ. ಅವಳೂ ಸುಮ್ಮನೆ ಬೈಸಿಕೊಳ್ಳುವವಳಲ್ಲ. ಟೇಪು ತಂದು ಅಳತೆ ಹಿಡಿದಳು, ಕಂಕುಳ ಕೆಳಗೆ ಬೆರಳು ಒತ್ತಿ ನೋಡಿದಳು, ಮತ್ತೊಮ್ಮೆ ಒತ್ತಿದಳು. ಆಮೇಲೆ ಟೇಪು ಸುತ್ತಿ ಮೇಜಿನ ಮೇಲಿಟ್ಟಳು.

"ಅಕ್ಕ, ಇದು ಹೊಲಿಗೆ ಅಲ್ಲ."

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬ್ಲೌಸೂ ಇಲ್ಲ. ಕಾಯಿಲೆ ಬೀಳಬೇಕಾದರೆ ಟೈಲರುಗಳಿಗೆ ಅದೇ ತಿಂಗಳು. ತುಮಕೂರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚೂರು ತೆಗೆದರು, ಕ್ಯಾನ್ಸರ್ ಅಂದರು, ಗಂಟನ್ನು ಕತ್ತರಿಸಿ ತೆಗೆದರು. ಹುಣಸೆ ಬೀಜಕ್ಕಿಂತ ಒಂಚೂರು ದೊಡ್ಡದಿತ್ತಂತೆ. ಕಂಕುಳಿಗೆ ಹೋಗಿರಲಿಲ್ಲ. ಪ್ರಜ್ಞೆ ಬಂದ ಮೇಲೆ ನಾನು ಮೊದಲು ನೋಡಿದ್ದು ಹೊಲಿಗೆಯನ್ನು. ಸಣ್ಣ ಟಾಕಾ, ಒಂದೇ ಸಮ, ದಾರದ ಗಂಟು ಒಳಗೆ ಅಡಗಿಸಿದ್ದರು. ಡಾಕ್ಟ್ರಮ್ಮ ರೌಂಡಿಗೆ ಬಂದಾಗ ಕೈ ಚೆನ್ನಾಗಿದೆ ಅಂದೆ. ಅವರ ಬ್ಲೌಸಿನ ಭುಜ ಜಾರುತ್ತಿತ್ತು, ಅದನ್ನೂ ಹೇಳಿದೆ. ನಕ್ಕರು, ಮಾರನೆಯ ದಿನ ಅಳತೆ ಬ್ಲೌಸ್ ತಂದುಕೊಟ್ಟರು.

ಅಲ್ಲಿಂದ ಮಗಳು ಮಂಜುಳಾ ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಅವಳ ಗಂಡ ರುದ್ರೇಶ ಅಲ್ಲಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಒಳ್ಳೆಯ ಹುಡುಗ, ಕೆಟ್ಟ ಅಭ್ಯಾಸ ಒಂದೂ ಇಲ್ಲ, ಪಾಠ ಮಾಡುವುದೊಂದು ಬಿಟ್ಟು. ಹಾಸಿಗೆ ಹಿಡಿದ ಅತ್ತೆಗಿಂತ ಒಳ್ಳೆಯ ವಿದ್ಯಾರ್ಥಿ ಅವನಿಗೆ ಎಲ್ಲಿ ಸಿಗಬೇಕು, ಎದ್ದು ಓಡಿಹೋಗುವ ಹಾಗೂ ಇಲ್ಲ. ಕ್ಯಾಲೆಂಡರಿನ ಹಿಂದೆ ಜೀವಕೋಶದ ಚಿತ್ರ ಬರೆದು ಗೋಡೆಗೆ ಅಂಟಿಸಿದ. ನೋಡಲು ಅದು ಹಲಸಿನ ಹಣ್ಣಿನ ಹಾಗಿತ್ತು. ಮುಳ್ಳುಗಳೆಲ್ಲ ರಿಸೆಪ್ಟರ್, ಹಾರ್ಮೋನು ಬಂದು ಅಲ್ಲಿ ಕೂರುತ್ತೆ, ಒಳಗೆ ಸಿಗ್ನಲ್ ಹೋಗುತ್ತೆ ಅಂತ ಊಟದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಹೇಳುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ. ಅರ್ಥವಾಗಿದ್ದು ಹಲಸಿನ ಹಣ್ಣು ಮಾತ್ರ.

ಅರ್ಥವಾಗಿದ್ದು ತುಮಕೂರಿಗೆ ವಾಪಸ್ ಹೋಗಿ ಡಾಕ್ಟ್ರಮ್ಮನ ಮುಂದೆ ಕೂತಾಗ. ಮಗಳೂ ಅಳಿಯನೂ ಜೊತೆಗಿದ್ದರು. ನಿಮ್ಮ ಗಂಟಿನ ಕೋಶಗಳಿಗೆ ಹೆಣ್ಣು ಹಾರ್ಮೋನು ಹಿಡಿದುಕೊಳ್ಳುವ ಜಾಗಗಳಿವೆ, ಹಾರ್ಮೋನು ಬಂದು ಸಿಕ್ಕಿಕೊಂಡರೆ ಬೆಳೆ ಅಂತ ಅಪ್ಪಣೆ ಆದ ಹಾಗೆ ಅಂದರು. ನಾನು ಸುಮ್ಮನೆ ಕೇಳಿಸಿಕೊಂಡು, ಹಾಗಾದರೆ ಹಾರ್ಮೋನು ಹುಕ್ಕು, ಕೋಶದ ಮೇಲಿರುವುದು ಕಾಜ, ಮಾತ್ರೆ ಕೊಟ್ಟು ಕಾಜ ಮುಚ್ಚುತ್ತೀರಿ, ಅಷ್ಟೇ ತಾನೇ ಅಂದೆ. ಮುಕ್ಕಾಲು ಸರಿ ಅಂದರು. ಕಾಜಕ್ಕೇ ಹೋಗಿ ಕೂರುವ ಮಾತ್ರೆ ಬೇರೆ, ಅದನ್ನು ಹೆಚ್ಚಾಗಿ ಮುಟ್ಟು ನಿಲ್ಲದವರಿಗೆ ಕೊಡುತ್ತಾರಂತೆ. ನನ್ನ ವಯಸ್ಸಿನವರಿಗೆ ಹುಕ್ಕು ತಯಾರಾಗುವುದನ್ನೇ ನಿಲ್ಲಿಸುವ ಮಾತ್ರೆ. ನನಗೆ ಮುಟ್ಟು ನಿಂತು ಎಷ್ಟು ಕಾಲವಾಯಿತು, ಇನ್ನೂ ಎಲ್ಲಿ ತಯಾರಾಗುತ್ತಿದೆ ಅಂತ ಕೇಳಿದೆ. ಮೈಯ ಕೊಬ್ಬಿನಲ್ಲಿ ಅಂದರು. ಮಂಜುಳಾ ನನ್ನ ಹೊಟ್ಟೆಯ ಕಡೆ ನೋಡಿದಳು. ಅವಳದೇನು ಕಡಿಮೆ ಇಲ್ಲ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಇನ್ನೊಂದು ಜಾತಿಯ ಕಾಜ ಇದೆಯಂತೆ, ಅದರ ಹೆಸರು ಹರ್-ಟು. ಎಲ್ಲರ ಕೋಶದಲ್ಲೂ ಒಂದಷ್ಟು ಇರುತ್ತದೆ. ಕೆಲವರ ಗಂಟಿನಲ್ಲಿ ಮಾತ್ರ ಅದನ್ನು ಮಾಡುವ ಜೀನು, ಕುದುರೆಯದಲ್ಲ, ಕೋಶದೊಳಗಿನ ವಂಶವಾಹಿ, ಒಂದಕ್ಕೆ ಹತ್ತಾಗಿ, ಕೋಶದ ತುಂಬ ಅದೇ ಕಾಜ ಗಿಜಿಗುಡುತ್ತದಂತೆ. ಅದಕ್ಕೆ ಹುಕ್ಕೇ ಬೇಕಾಗಿಲ್ಲ. ಅಕ್ಕಪಕ್ಕದ ಎರಡು ಕಾಜ ತಮ್ಮಲ್ಲೇ ಸೇರಿಕೊಂಡು ಬೆಳೆ ಬೆಳೆ ಅಂತ ಅಪ್ಪಣೆ ಕೊಡುತ್ತಲೇ ಇರುತ್ತವಂತೆ.

"ಕಾಜಕ್ಕೆ ಕಾಜ ಸೇರೋದು ಎಲ್ಲಾದ್ರೂ ಉಂಟಾ ಡಾಕ್ಟ್ರಮ್ಮ?"

"ಇಲ್ಲ ಅಜ್ಜಿ. ಅದಕ್ಕೇ ಅದನ್ನ ಕ್ಯಾನ್ಸರ್ ಅನ್ನೋದು."

ನನ್ನ ಗಂಟಿನಲ್ಲಿ ಆ ಕಾಜ ಜಾಸ್ತಿ ಇದೆಯೋ ಇಲ್ಲವೋ ಅಂತ ಬಣ್ಣ ಹಾಕಿ ನೋಡಿದ್ದರು. ಬಣ್ಣ ಅತ್ತ ಗಾಢವೂ ಅಲ್ಲ, ಇತ್ತ ತಿಳಿಯೂ ಅಲ್ಲ, ನಡುವೆ ನಿಂತಿತ್ತು. ಮೆರೂನ್ ಸೀರೆಗೆ ಮ್ಯಾಚಿಂಗ್ ಹುಡುಕುವವರಿಗೆ ಈ ಸಂಕಟ ಗೊತ್ತು. ಇದನ್ನು ತೀರ್ಮಾನ ಮಾಡಲು ಬೆಂಗಳೂರಿನ ಲ್ಯಾಬಿಗೇ ಹೋಗಬೇಕು. ಅಲ್ಲಿ ಜೀನಿಗೆ ಹೊಳೆಯುವ ಬಣ್ಣ ಹಚ್ಚಿ, ಕತ್ತಲಲ್ಲಿ ಮೈಕ್ರೋಸ್ಕೋಪು ಹಾಕಿ, ಕೆಂಪು ಚುಕ್ಕಿ ಎಷ್ಟು ಹಸಿರು ಚುಕ್ಕಿ ಎಷ್ಟು ಅಂತ ಎಣಿಸುತ್ತಾರಂತೆ. ಕೆಂಪು ಆ ಜೀನಿನದು, ಹಸಿರು ಹೋಲಿಸಿ ನೋಡಲು. ಚಮ್ಕಿ ಕೆಲಸ ಅಂದುಕೊಂಡೆ.

ಕೆಂಪು ಚುಕ್ಕಿ ಜಾಸ್ತಿ ಬಂದರೆ ಕೀಮೋ, ಅದರ ಜೊತೆ ಆ ಕಾಜಗಳ ಮೇಲೇ ಹೋಗಿ ಕೂರುವ ಇಂಜೆಕ್ಷನ್ನು, ಮೂರು ವಾರಕ್ಕೊಂದರಂತೆ ವರ್ಷವಿಡೀ. ಮಧ್ಯೆ ಮಧ್ಯೆ ಹೃದಯದ ಪರೀಕ್ಷೆ. ಜಾಸ್ತಿ ಬರದಿದ್ದರೆ ರೇಡಿಯೇಷನ್ನು, ಮಾತ್ರೆ, ಅಷ್ಟೇ. ಪರೀಕ್ಷೆ ಮಾಡದೆ ಅಂದಾಜಿನ ಮೇಲೆ ಹೋಗುವ ಹಾಗಿಲ್ಲ. ಇದ್ದೂ ಕೊಡದಿದ್ದರೆ ಗಂಟು ಬೇಗ ತಿರುಗಿ ಬರುತ್ತದೆ, ಇಲ್ಲದೆ ಕೊಟ್ಟರೆ ಸುಮ್ಮನೆ ಒಂದು ವರ್ಷ ಮೈ ಹಾಳು. ನನಗೆ ಸಾಯುವ ಚಿಂತೆಗಿಂತ ಆ ಒಂದು ವರ್ಷದ ಚಿಂತೆ ಜಾಸ್ತಿ ಆಯಿತು. ನಾನು ಮಲಗಿದರೆ ಅಂಗಡಿ ಮುಚ್ಚಬೇಕು. ಶಮೀಮಳಿಗೆ ಕತ್ತರಿ ಕೊಟ್ಟರೆ ಕುದುರೆಗೆ ಆಗುವ ಬ್ಲೌಸ್ ಕತ್ತರಿಸುತ್ತಾಳೆ.

ತೆಗೆದ ಗಂಟನ್ನು ಲ್ಯಾಬಿನವರು ಮೇಣದಲ್ಲಿ ಹೂತು ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕು ಅನ್ನುತ್ತಾರೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಬಿಳಿ ಮೇಣ, ಮೇಣದ ನಡುವೆ ಕಂದು ಬಣ್ಣದ ಚೂರು. ನನ್ನ ಗಂಟು ಚಿಕ್ಕದಾದ್ದರಿಂದ ಪರೀಕ್ಷೆಗೆ ಸಾಕಾಗುವಷ್ಟು ಇದ್ದದ್ದು ಒಂದೇ ಬ್ಲಾಕಿನಲ್ಲಿ. ಅದನ್ನು ಪೇಷಂಟ್ ಕಡೆಯವರೇ ಬೆಂಗಳೂರಿಗೆ ಮುಟ್ಟಿಸಬೇಕು. ಅಷ್ಟರಲ್ಲಿ ನಾನು ಗುಬ್ಬಿಗೆ ವಾಪಸ್ ಬಂದಿದ್ದೆ, ಅದು ಕೈಗೆ ಸಿಕ್ಕಿದ ಶುಕ್ರವಾರ ತುಮಕೂರಿಗೆ ನಾನೊಬ್ಬಳೇ ಹೋಗಿದ್ದೆ. ಭಾನುವಾರ ಗುಬ್ಬಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಅಂತ ರುದ್ರೇಶ ಫೋನಿನಲ್ಲಿ ಹೇಳಿದ್ದ. ಲ್ಯಾಬಿನವಳು ಹತ್ತು ಸಲ ಹೇಳಿದಳು, ಬಿಸಿಲಿಗೆ ಇಡಬೇಡಿ, ಕಳೆಯಬೇಡಿ, ಗಂಟಂತೂ ತೆಗೆದಾಗಿದೆ, ಇದು ಹೋದರೆ ಮತ್ತೆ ಚುಚ್ಚಿ ತೆಗೆಯೋಣ ಅಂದರೂ ಇಲ್ಲ.

ನಾನು ಬಸ್ಸಿನಲ್ಲಿ ಯೋಚನೆ ಮಾಡುತ್ತಲೇ ಬಂದೆ. ದೇವರ ಗೂಡಿನಲ್ಲಿ ದೀಪ ಉರಿಯುತ್ತದೆ, ಕರಗಿಹೋಗುತ್ತದೆ. ಅಡಿಗೆಮನೆಯೂ ಬಿಸಿ. ಬೀರುವಿನ ಬೀಗದ ಕೈ ಎಲ್ಲಿದೆಯೋ ನೆನಪಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಒಂದೇ, ಅಂಗಡಿಯ ಹುಕ್ಕಿನ ಡಬ್ಬಿ. ನಾನು, ಶಮೀಮ್ ಬಿಟ್ಟರೆ ಅದನ್ನು ಮುಟ್ಟುವವರಿಲ್ಲ. ಅದರಲ್ಲಿಟ್ಟು ಮುಚ್ಚಳ ಹಾಕಿದೆ.

ಶ್ರಾವಣ ಶುರುವಾಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಊರಿನವರಿಗೆಲ್ಲ ಹೊಸ ಬ್ಲೌಸ್ ಬೇಕು, ಎಲ್ಲರಿಗೂ ಅದು ನಾಳೆಯೇ ಬೇಕು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಬಟ್ಟೆಯ ರಾಶಿ. ಮಾರನೆಯ ದಿನ ಬೆಳಗ್ಗೆ ಎದುರುಮನೆಯ ಗಿರಿಜಮ್ಮ ತನ್ನ ಬ್ಲೌಸಿಗೆ ಬಂದು, ಹುಕ್ಕು ಹಾಕುವವರೆಗೆ ಹೊಸ್ತಿಲಾಚೆಯೇ ನಿಂತಿದ್ದಳು. ಆಪರೇಷನ್ ಆದಾಗಿನಿಂದ ಅವಳು ಒಳಗೆ ಬರುವುದಿಲ್ಲ, ನಮ್ಮ ಮನೆಯ ಕಾಫಿ ಕುಡಿಯುವುದಿಲ್ಲ. ಅಂಟುತ್ತದೆ ಅಂತ ಯಾರೋ ಹೇಳಿದ್ದಾರಂತೆ. ಲಕ್ಷ್ಮಣಫಲ ತಿನ್ನು, ಹೋಗುತ್ತೆ ಅಂತ ಅಲ್ಲಿಂದಲೇ ಔಷಧಿ ಹೇಳಿದಳು. ಬ್ಲೌಸನ್ನು ಎರಡು ಬೆರಳಲ್ಲಿ ಹಿಡಿದು ತೆಗೆದುಕೊಂಡು ಹೋದಳು.

ಮಧ್ಯಾಹ್ನ ನಾನು ಮಿಷನ್ ತುಳಿಯುತ್ತಿದ್ದೆ. ಶಮೀಮ್ ಕಿಟಕಿ ಪಕ್ಕ ಕೂತು ಹುಕ್ಕು ಹಾಕುತ್ತಿದ್ದಳು. ಏನೋ ಖುಷಿಯಲ್ಲಿದ್ದಳು.

"ಅಕ್ಕ, ಈ ಸಲ ತುಮಕೂರಿಂದ ತಂದಿರೋ ಮೇಣ ಭಾಳ ಚೆನ್ನಾಗೈತೆ. ದಾರ ಬೆಣ್ಣೆ ಥರ ಹೋಯ್ತದೆ. ಚೌಕಟ್ಟು ಬೇರೆ ಕೊಟ್ಟವ್ರೆ, ಕೈಗೆ ಅಂಟಲ್ಲ."

ಯಾವ ಮೇಣ ಅಂದೆ.

"ಡಬ್ಬಿಲಿ ಇಟ್ಟಿದ್ದಲ್ಲ, ಇದೇ. ಮಧ್ಯ ಏನೋ ಕಸ ಸೇರ್ಕೊಂಡೈತೆ ನೋಡು. ಸೂಜಿಲಿ ಕಿತ್ತು ಬಿಸಾಕ್ತೀನಿ, ಇದೊಂದು ಬ್ಲೌಸ್ ಆಗ್ಲಿ."

ನಾನು ಮಿಷನ್ನಿನಿಂದ ಕಾಲು ತೆಗೆದೆ.

"ಶಮೀ, ಅದನ್ನ ಕೆಳಗಿಡು. ಆ ಕಸ ನಾನು ಕಣೇ."

ಅವಳು ಮೇಣವನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಮೇಣವನ್ನು ನೋಡಿದಳು.

"ನೀನು ಇಲ್ಲೇ ಕುಂತಿದೀಯಲ್ಲ ಅಕ್ಕ" ಅಂದಳು.

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಅವಳ ಮುಖ ಆ ಮೇಣಕ್ಕಿಂತ ಬೆಳ್ಳಗಾಯಿತು. ಬ್ಲಾಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಒಂದು ಮೂಲೆಯಿಂದ ಶುರುವಾಗಿ ಗೆರೆಗಳು, ಗದ್ದೆಯ ಸಾಲಿನ ಹಾಗೆ, ಒಂದರ ಪಕ್ಕ ಒಂದು. ಕೊನೆಯ ಗೆರೆ ಕಂದು ಚೂರಿನ ಅಂಚನ್ನು ಮುಟ್ಟಿತ್ತೋ, ದಾಟಿತ್ತೋ, ಗೊತ್ತಾಗಲಿಲ್ಲ. ಭೂತಕನ್ನಡಿ ತಂದರೂ ಗೊತ್ತಾಗಲಿಲ್ಲ. ನನ್ನ ಒಂದು ವರ್ಷ ಆ ಅಂಚಿನಲ್ಲಿ ಕೂತಿತ್ತು.

ಶಮೀಮ್ ಅಳಲು ಶುರು ಮಾಡಿದವಳು ತಟ್ಟನೆ ನಿಲ್ಲಿಸಿ, ಗಿರಿಜಮ್ಮನ ಬ್ಲೌಸು ಅಂದಳು. ಬೆಳಗ್ಗೆ ಮೊದಲು ಹೊಸ ಮೇಣ ಎಳೆದು ಹುಕ್ಕು ಹಾಕಿದ್ದು ಅದಕ್ಕೇ. ಈಗಲೇ ಓಡಿಹೋಗಿ ಇಸಕೊಂಡು ಬರುತ್ತೇನೆ ಅಂತ ಚಪ್ಪಲಿ ಹುಡುಕತೊಡಗಿದಳು. ಕೈಹಿಡಿದು ಕೂರಿಸಿ ಡಾಕ್ಟ್ರಮ್ಮನಿಗೆ ಫೋನ್ ಹಚ್ಚಿ, ಮೇಣದಲ್ಲಿರುವ ಗಂಟು ಬೇರೆಯವರ ಮೈಗೆ ತಾಗಿದರೆ ಅಂಟುತ್ತದಾ ಅಂತ ಕೇಳಿದೆ. ಮೇಣಕ್ಕೆ ಹೋಗುವ ಮುಂಚೆಯೇ ಅದು ಸತ್ತಿರುತ್ತದೆ, ಬದುಕಿದ್ದರೂ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ ಅಂದರು. ಆಮೇಲೆ, ನೀವು ಯಾಕೆ ಕೇಳುತ್ತಿದ್ದೀರಿ ಅಂದರು. ಹೇಳಿದೆ. ಹಾಗೇ ಮುಚ್ಚಿಡಿ, ಯಾರೂ ಏನೂ ಮಾಡಬೇಡಿ, ಒರೆಸಲೂ ಬೇಡಿ, ಬೆಂಗಳೂರಿಗೆ ಕಳಿಸಿ ಅಂತ ಮಾತ್ರ ಹೇಳಿದರು. ಗಿರಿಜಮ್ಮನಿಗೆ ನಾನೇನೂ ಹೇಳಲಿಲ್ಲ. ಅವಳು ಹಬ್ಬದ ದಿನ ಅದನ್ನೇ ತೊಟ್ಟು ಬೀದಿಯುದ್ದಕ್ಕೂ ಓಡಾಡಿದಳು, ಕಳೆ ಬಂದಿತ್ತು.

ಭಾನುವಾರ ರುದ್ರೇಶ ಬಂದ. ಬ್ಲಾಕನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನು ಪಾಠ ಮಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅತ್ತೆ, ಇದನ್ನ ನಾನು ಅಲ್ಲಿ ಏನಂತ ಹೇಳಿ ಕೊಡ್ಲಿ?"

ಅವನ ಕಷ್ಟ ಅವನಿಗೆ. ಕೊನೆಗೆ ಟಿಫನ್ ಬಾಕ್ಸಿನಲ್ಲಿ ಹತ್ತಿ ಹಾಸಿ, ಬ್ಲಾಕನ್ನು ಮಲಗಿಸಿ, ಬೆಂಗಳೂರಿನವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಹೋದ. ಪಕ್ಕದ ಸೀಟಿನವನು ಏನು ತಿಂಡಿ ಸಾರ್ ಅಂದನಂತೆ. ಲ್ಯಾಬಿನಲ್ಲಿ ಮೊದಲು ದಾರಿಯಲ್ಲಿ ಉಜ್ಜಿಹೋಯಿತು ಅಂತ ಹೇಳಿದ್ದಾನೆ. ಅಲ್ಲಿದ್ದ ಹುಡುಗಿ ಗೆರೆಗಳನ್ನು ನೋಡಿ, ಸಾರ್, ಇದಕ್ಕೆ ಯಾರೋ ದಾರ ಎಳೆದಿದ್ದಾರೆ ಅಂದಳಂತೆ. ಅವಳ ತಾಯಿಯೂ ಟೈಲರಂತೆ. ಮೇಷ್ಟ್ರು ನಿಜ ಒಪ್ಪಿಕೊಂಡ. ಮೇಣ ಕರಗಿಸಿ ಹೊಸದು ಹೊಯ್ಯುತ್ತೇವೆ, ಚೂರಿನ ಅಂಚು ಒಂದಿಷ್ಟು ಹೋಗಿದೆ, ಉಳಿದಿದ್ದರಲ್ಲಿ ಎಣಿಸುವಷ್ಟು ಕೋಶ ಸಿಕ್ಕರೆ ನಿಮ್ಮ ಪುಣ್ಯ ಅಂದು ಕಳಿಸಿದರು.

ಕಾಯುವುದು ಶುರುವಾಯಿತು. ನನಗೆ ಕಾಯಲು ಪುರುಸೊತ್ತಿರಲಿಲ್ಲ, ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು. ಎಡಗೈ ಮೇಲೆತ್ತಿದರೆ ಹಿಡಿಯುತ್ತಿತ್ತು, ಅದಕ್ಕೆ ಬಟ್ಟೆ ಕತ್ತರಿಸುವ ಮೇಜನ್ನೇ ತಗ್ಗಿಸಿಕೊಂಡೆ. ನನ್ನ ಪಾಲಿನ ಕಾಯುವಿಕೆಯನ್ನೂ ಶಮೀಮಳೇ ಕಾದಳು. ದರ್ಗಾದಲ್ಲಿ ಸಕ್ಕರೆ ಓದಿಸಿ ತಂದು ನನ್ನ ಬಾಯಿಗೆ ಹಾಕಿದಳು. ಅದು ಸಾಲದೆ, ದೇವರಾಯನದುರ್ಗಕ್ಕೆ ಹೊರಟಿದ್ದ ಗಿರಾಕಿಯೊಬ್ಬಳ ಕೈಯಲ್ಲಿ ತೆಂಗಿನಕಾಯಿ ಕೊಟ್ಟು ಕಳಿಸಿದಳು. ನರಸಿಂಹಸ್ವಾಮಿಗೆ ನಿನ್ನ ಹೆಸರಲ್ಲಿ ಕಾಯಿ ಹೋದರೆ ಏನು ಅಂದುಕೊಳ್ಳುತ್ತಾನೋ ಅಂದರೆ, ಹೆಸರು ನಿನ್ನದೇ ಹೇಳಿದೀನಿ, ಕಾಯಿ ಮಾತ್ರ ನಂದು ಅಂದಳು. ದಿನಕ್ಕೊಮ್ಮೆ, ನಾನು ಸರಿಯಾಗಿ ಎಣಿಸಿಯೇ ಎಳೆದಿದ್ದೆ, ಎರಡು ಬ್ಲೌಸಿನ ದಾರ ಅಷ್ಟೇ ಅನ್ನುವಳು. ಎರಡು ಬ್ಲೌಸಿಗೆ ಅಷ್ಟು ಗೆರೆ ಯಾಕೆ ಬೇಕಿತ್ತು ಅಂತ ನಾನು ಕೇಳಿದರೆ ಮತ್ತೆ ಕಣ್ಣೀರು. ಕೇಳುವುದನ್ನು ಬಿಟ್ಟೆ.

ಹಬ್ಬದ ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು, ಬಂದುಹೋಗಿ ಅಂತ. ಫೋನಿನಲ್ಲೇ ಹೇಳಿ ಅಂದೆ, ಹೇಳಲಿಲ್ಲ. ಶಮೀಮಳನ್ನು ಅಂಗಡಿಯಲ್ಲಿ ಬಿಟ್ಟು ಬಸ್ ಹತ್ತಿದೆ. ಮಂಜುಳಾ ಕುಣಿಗಲ್ಲಿನಿಂದ ಬಂದು ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದಳು. ಡಾಕ್ಟ್ರಮ್ಮ ನಾನು ಹೊಲಿದ ಬ್ಲೌಸ್ ಹಾಕಿದ್ದರು. ಭುಜ ಸರಿಯಾಗಿ ಕೂತಿತ್ತು. ಅಷ್ಟು ನೋಡಿಕೊಂಡು, ಏನಂತೆ ಅಂದೆ.

ಎಣಿಸುವಷ್ಟು ಕೋಶ ಸಿಕ್ಕಿದ್ದವಂತೆ. ಕೆಂಪು ಚುಕ್ಕಿ, ಹಸಿರು ಚುಕ್ಕಿ ಹೆಚ್ಚುಕಡಿಮೆ ಸಮಸಮ. ಆ ಜೀನು ಹೆಚ್ಚಾಗಿಲ್ಲ, ಆ ಇಂಜೆಕ್ಷನ್ನು ನಿಮಗೆ ಬೇಕಾಗಿಲ್ಲ ಅಂದರು. ಕೆಲವು ವಾರ ರೇಡಿಯೇಷನ್ನು, ಆಮೇಲೆ ದಿನಕ್ಕೊಂದು ಮಾತ್ರೆ, ಐದು ವರ್ಷ. ಕೀಲು ಹಿಡಿಯಬಹುದು, ಮೂಳೆ ಸವೆಯಬಹುದು, ಅದಕ್ಕೂ ಮಾತ್ರೆ ಕೊಡುತ್ತೇವೆ ಅಂದರು. ಮಂಜುಳಾ ಅಲ್ಲೇ ಅತ್ತಳು. ನಾನು ಬಸ್ಸಿನ ಟೈಮು ನೋಡಿದೆ. ಸಂಜೆಗೆ ಕೊಡಬೇಕಾದ ಬ್ಲೌಸುಗಳು ಇನ್ನೂ ಹಾಗೇ ಇದ್ದವು.

ಅಂಗಡಿಗೆ ಬಂದಾಗ ಶಮೀಮ್ ತಲೆ ಬಗ್ಗಿಸಿಕೊಂಡು ಹೊಲಿಯುತ್ತಿದ್ದಳು. ನನ್ನ ಚಪ್ಪಲಿಯ ಸದ್ದು ಅವಳಿಗೆ ಗೊತ್ತು. ಆದರೂ ಕತ್ತೆತ್ತಲಿಲ್ಲ. ಸೂಜಿ ಮಾತ್ರ ಜೋರಾಯಿತು.

"ಇಲ್ವಂತೆ ಕಣೇ. ಮಾತ್ರೆ ಸಾಕಂತೆ. ಅಂಗಡಿ ಮುಚ್ಚೋ ಹಂಗಿಲ್ಲ" ಅಂದೆ.

ಅವಳು ಕೈಯಲ್ಲಿದ್ದ ಬ್ಲೌಸನ್ನು ಮುಖಕ್ಕೆ ಒತ್ತಿಕೊಂಡಳು. ಅದು ರೇಷ್ಮೆ, ನೀರು ಬಿದ್ದರೆ ಕಲೆ ನಿಲ್ಲುತ್ತದೆ. ಕಿತ್ತುಕೊಂಡೆ. ಕಿತ್ತುಕೊಂಡು ಬಿಚ್ಚಿ ನೋಡಲು ಹೋದರೆ ಬಿಚ್ಚಲು ಬರುತ್ತಿಲ್ಲ. ಎಡಪಟ್ಟಿ ಬಲಪಟ್ಟಿ ಎರಡನ್ನೂ ಸೇರಿಸಿ, ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಹೊಲಿದುಬಿಟ್ಟಿದ್ದಳು. ಪಕ್ಕದಲ್ಲಿದ್ದ ರಾಶಿಯನ್ನು ತಿರುವಿದೆ. ನಾನು ಬಸ್ ಹತ್ತಿದಾಗಿನಿಂದ ಹೊಲಿದಿದ್ದೆಲ್ಲ ಹಾಗೇ. ಒಂದರೊಳಗೂ ಹೆಂಗಸು ಹೋಗುವ ಹಾಗಿಲ್ಲ.

"ಆಮೇಲೆ ಅಳು, ಮೊದ್ಲು ಬಿಚ್ಚು. ಹೆಂಗಸ್ರು ಬತ್ತಾವ್ರೆ."

ಅವಳಿಗೊಂದು ಬ್ಲೇಡು ಕೊಟ್ಟೆ, ನಾನೊಂದು ತೆಗೆದುಕೊಂಡೆ. ಮೂಗು ಸೊರಸೊರ ಎಳೆದುಕೊಂಡೇ ಅವಳು ಬಿಚ್ಚಿದಳು, ನಾನು ಬೈದುಕೊಂಡೇ ಬಿಚ್ಚಿದೆ. ಆ ಹೊತ್ತಿಗೆ ನನ್ನ ಎಡಗೈ ಭುಜದವರೆಗೂ ಸಿಡಿಯುತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಇನ್ನೆರಡು ಬ್ಲೌಸು ಹಾಳು ಮಾಡುತ್ತಿದ್ದಳು.